ಲೋಹದ ಚಿಪ್ಸ್ ತೆಗೆಯಲು ವ್ಯಾಕ್ಯೂಮ್: ನಡುವೆ ಒಂದು ಬಕೆಟ್ ಇರಲೇಬೇಕು

ಮನೆಯಲ್ಲೇ ಲೋಹ ಕಡೆಯುವ ಲೇತ್ ಅಥವಾ ಮಿಲ್ಲಿಂಗ್ ಮಷೀನ್ ಇಟ್ಟುಕೊಂಡವರಿಗೆ ಚಿಪ್ಸ್ (ಕತ್ತರಿಸುವಾಗ ಉದುರುವ ಲೋಹದ ಚೂರು) ಕಾಟ ಗೊತ್ತೇ ಇರುತ್ತದೆ. ಚಪ್ಪಲಿಯ ತಳಕ್ಕೆ ಚುಚ್ಚಿಕೊಂಡು ಒಳಮನೆಗೂ ಬರುತ್ತವೆ, ಬರಿಗಾಲಲ್ಲಿ ಓಡಾಡುವವರಿಗೆ ನೆಡುತ್ತವೆ. ವ್ಯಾಕ್ಯೂಮ್ ಇದ್ದರೆ ತುಂಬಾ ಅನುಕೂಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಕೊನೆಗೆ ಹಿಡಿಯಬೇಕು. ಮೊದಲು ಕೊಕ್ಕೆ, ಆಮೇಲೆ ಬ್ರಶ್, ಅದಾದ ಮೇಲೆ ಉಳಿದ ಪುಡಿಗೆ ವ್ಯಾಕ್ಯೂಮ್.

ಮನೆ ಗುಡಿಸುವ ವ್ಯಾಕ್ಯೂಮ್ ಇದಕ್ಕೆ ಬೇಡವೇ ಬೇಡ. ಅಂಥ ಬಹಳಷ್ಟು ಮಷೀನುಗಳಲ್ಲಿ ಒಳಗೆ ಎಳೆದ ಗಾಳಿಯೇ ಮೋಟಾರಿನ ಮೂಲಕ ಹಾದುಹೋಗಿ ಅದನ್ನು ತಂಪು ಮಾಡುತ್ತದೆ, ಹಾಗಾಗಿ ಚೀಲ ಹರಿದರೆ ಲೋಹದ ಪುಡಿ ನೇರವಾಗಿ ಮೋಟಾರಿಗೇ ಹೋಗುತ್ತದೆ. ಚೀಲ ಹರಿಯುವುದಂತೂ ಗ್ಯಾರಂಟಿ, ಒಂದು ಸ್ಟೀಲ್ ಚಿಪ್ಸಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿ, ಒಂದು ಬದಿ ಕನ್ನಡಿಯಂತೆ ನುಣುಪು, ಇನ್ನೊಂದು ಬದಿ ಗರಗಸದಂತೆ ಹಲ್ಲುಹಲ್ಲು. ಒಣ ಕಸ, ಒದ್ದೆ ಕಸ ಎರಡನ್ನೂ ಎಳೆಯುವ ವೆಟ್ ಅಂಡ್ ಡ್ರೈ ವ್ಯಾಕ್ಯೂಮ್ ತೆಗೆದುಕೊಳ್ಳಿ. ಅದರ ಮೋಟಾರಿಗೆ ತಂಪು ಗಾಳಿಯ ದಾರಿ ಸಾಮಾನ್ಯವಾಗಿ ಬೇರೆಯೇ ಇರುತ್ತದೆ.

ಇನ್ನು ಬಕೆಟ್ ವಿಷಯ. ವ್ಯಾಕ್ಯೂಮಿಗೂ ಪೈಪಿಗೂ ನಡುವೆ ಒಂದು ಸೈಕ್ಲೋನ್ ಬಕೆಟ್ ಇಡಿ. ಗಾಳಿ ಪಕ್ಕದಿಂದ ಒಳಗೆ ಬಂದು ಸುತ್ತುತ್ತದೆ, ಭಾರದ ಚೂರುಗಳು ಗೋಡೆಗೆ ಒರಸಿಕೊಂಡು ಕೆಳಗೆ ಬೀಳುತ್ತವೆ, ಗಾಳಿ ಮಾತ್ರ ಮೇಲೆ ನಡುವಿನಿಂದ ಹೊರಟು ವ್ಯಾಕ್ಯೂಮಿಗೆ ಹೋಗುತ್ತದೆ. ಮರದ ಪುಡಿಗಿಂತ ಲೋಹ ಭಾರ ಅಲ್ವಾ, ಅದಕ್ಕೇ ಇಲ್ಲಿ ಇದು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಫಿಲ್ಟರ್ ತಲುಪುವುದು ತೀರಾ ನುಣ್ಣನೆಯ ದೂಳು ಅಷ್ಟೇ. ಬಕೆಟ್ ಗಟ್ಟಿ ಇರಲಿ, ತಗಡಿನದಾದರೆ ಒಳ್ಳೆಯದು. ಪೈಪ್ ಕಟ್ಟಿಕೊಂಡರೆ ತೆಳು ಪ್ಲಾಸ್ಟಿಕ್ ಬಕೆಟ್ ಒಳಕ್ಕೆ ಕುಗ್ಗಿಬಿಡುತ್ತದೆ. ಮುಚ್ಚಳದಲ್ಲಿ ಸ್ವಲ್ಪ ಸಂದಿಯಿದ್ದರೂ ಕೆಳಗೆ ಬಿದ್ದಿದ್ದು ಮತ್ತೆ ಮೇಲೇಳುತ್ತದೆ. ಪೂರ್ತಿ ತುಂಬುವವರೆಗೂ ಕಾಯಬೇಡಿ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಆದಾಗಲೇ ಖಾಲಿ ಮಾಡಿ.

ಚಿಪ್ಸ್ ಎಲ್ಲಾ ಒಂದೇ ತರ ಅಲ್ಲ. ಮೆತ್ತನೆ ಸ್ಟೀಲ್ ಲೇತಿನಲ್ಲಿ ಉದ್ದುದ್ದ ಸುರುಳಿ ಬಿಡುತ್ತದೆ. ಅಂಥದ್ದನ್ನು ಪೈಪಿಗೆ ಕೊಟ್ಟರೆ ಮೊದಲ ತಿರುವಿನಲ್ಲೇ ಸಿಕ್ಕಿಕೊಂಡು, ಹಿಂದೆ ಬಂದ ಪುಡಿಯನ್ನೆಲ್ಲ ಹಿಡಿದು ಗಂಟಾಗುತ್ತದೆ. ಅದರ ಬದಲು ಲೇತನ್ನು ಪೂರ್ತಿ ನಿಲ್ಲಿಸಿ, ಸುರುಳಿಯನ್ನು ತಂತಿಯ ಕೊಕ್ಕೆ ಅಥವಾ ಇಕ್ಕಳದಿಂದ ಎಳೆದು ತೆಗೆಯಿರಿ, ಕೈಯಿಂದ ಮಾತ್ರ ಬೇಡ. ಹಿತ್ತಾಳೆ ಸಣ್ಣ ಸೂಜಿಗಳಂತೆ ಚಿಮ್ಮಿ ಎಲ್ಲೆಲ್ಲೋ ಹೋಗುತ್ತದೆ, ಅದಕ್ಕೆ ವ್ಯಾಕ್ಯೂಮೇ ಸರಿ. ಬೀಡು ಕಬ್ಬಿಣಕ್ಕಂತೂ ವ್ಯಾಕ್ಯೂಮ್ ಬೇಕೇ ಬೇಕು. ಅದರ ಕಪ್ಪು ಪುಡಿ ಲೇತ್ ಬೆಡ್ (ಉಳಿ ಹಿಡಿದ ಭಾಗ ಜಾರುವ ಹಳಿ) ಮೇಲಿನ ಎಣ್ಣೆಗೆ ಬೆರೆತರೆ ಉಜ್ಜುವ ಪೇಸ್ಟ್ ಆಗಿ ಬೆಡ್ಡನ್ನೇ ಸವೆಸುತ್ತದೆ. ಬೀಡು ಕೆಲಸಕ್ಕೆ ಮುಂಚೆ ಬೆಡ್ಡಿನ ಎಣ್ಣೆ ಒರೆಸಿ, ಮುಗಿದ ತಕ್ಷಣ ಪುಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಆಮೇಲೆ ಹೊಸ ಎಣ್ಣೆ ಹಚ್ಚಿ.

ಬೆಂಕಿಯ ವಿಷಯದಲ್ಲಿ ಸ್ವಲ್ಪವೂ ಸಡಿಲ ಬಿಡಬೇಡಿ. ನೀಲಿ ಬಣ್ಣಕ್ಕೆ ತಿರುಗಿದ ಸ್ಟೀಲ್ ಚಿಪ್ಸ್ ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಂಡಿರುತ್ತದೆ. ಅದನ್ನು ಬಿಸಿಬಿಸಿಯಾಗೇ ಎಳೆದರೆ, ಒಳಗೆ ಎಣ್ಣೆ ಹಿಡಿದ ಪೇಪರ್ ಫಿಲ್ಟರ್ ಇದೆ, ಮೇಲಿಂದ ಜೋರು ಗಾಳಿ ಬೇರೆ, ಒಲೆಗೆ ಊದಿದ ಹಾಗೇ ಆಯಿತು. ತಣ್ಣಗಾಗಲಿ ಬಿಡಿ. ಗ್ರೈಂಡರ್ ಕಿಡಿಯ ಹತ್ತಿರ ಪೈಪ್ ಹಿಡಿಯಬೇಡಿ. ಮರದ ಕೆಲಸವನ್ನೂ ಮಾಡುವವರಾದರೆ ಮರದ ಪುಡಿಗೆ ಬೇರೆ ವ್ಯಾಕ್ಯೂಮ್ ಇರಲಿ, ಇಲ್ಲವೇ ಪ್ರತಿ ಸಲ ಟ್ಯಾಂಕ್, ಫಿಲ್ಟರ್ ಎರಡನ್ನೂ ಖಾಲಿ ಮಾಡಿ ಒರೆಸಿ. ಮೆಗ್ನೀಸಿಯಮ್ ಯಾವ ರೂಪದಲ್ಲಿದ್ದರೂ ಇಂಥ ವ್ಯಾಕ್ಯೂಮಿಗೆ ಹಾಕಬಾರದು. ಅಲ್ಯೂಮಿನಿಯಮ್ಮಿನ ದಪ್ಪ ಚೂರುಗಳು ಪರವಾಗಿಲ್ಲ, ಆದರೆ ಸ್ಯಾಂಡಿಂಗ್ ಮಾಡಿದಾಗ ಬರುವ ನುಣ್ಣನೆ ದೂಳು ಗಾಳಿಯಲ್ಲಿ ಬೆರೆತು ಸ್ಫೋಟಿಸಬಲ್ಲದು. ಇನ್ನೊಂದು ವಿಷಯ ತುಂಬಾ ಜನ ಮರೆಯುತ್ತಾರೆ: ಅಲ್ಯೂಮಿನಿಯಮ್ ಕೊರೆಯುವಾಗ ಸೀಮೆಎಣ್ಣೆ ಹಾಕಿದ್ದರೆ ಆ ಚಿಪ್ಸನ್ನು ವ್ಯಾಕ್ಯೂಮ್ ಮಾಡಲೇಬೇಡಿ. ಬ್ರಶ್ಶಿನಲ್ಲಿ ಗುಡಿಸಿ ತಗಡಿನ ಡಬ್ಬಕ್ಕೆ ಹಾಕಿ.

ನೀರು ಬೆರೆಸಿದ ಕೂಲಂಟ್ (ಕತ್ತರಿಸುವಾಗ ತಂಪಿಗೆ ಸುರಿಯುವ ದ್ರವ) ಆದರೆ ಎಳೆಯಬಹುದು. ಪೇಪರ್ ಫಿಲ್ಟರ್ ತೆಗೆದು ಫೋಮ್ ಫಿಲ್ಟರ್ ಹಾಕಿ. ಕೆಲಸ ಮುಗಿದ ದಿನವೇ ಟ್ಯಾಂಕ್ ತೊಳೆದು ಒಣಗಿಸಿ, ಇಲ್ಲದಿದ್ದರೆ ಚಿಪ್ಸ್ ತುಕ್ಕು ಹಿಡಿದು ಹೆಪ್ಪುಗಟ್ಟುತ್ತವೆ, ಕೂಲಂಟ್ ಕೊಳೆತು ನಾರುತ್ತದೆ.

ಪೈಪ್ ಆದಷ್ಟು ಅಗಲ, ಒಳಗೆ ನುಣುಪು ಇರುವುದನ್ನು ಆರಿಸಿ. ಮಿಲ್ಲಿಂಗ್ ಟೇಬಲ್ಲಿನ ಟಿ-ಸ್ಲಾಟುಗಳಿಗೆ (ಟಿ ಆಕಾರದ ಉದ್ದ ಸಂದುಗಳಿಗೆ), ತುದಿ ಚಪ್ಪಟೆ ಮಾಡಿದ ಸಣ್ಣ ಪೈಪ್ ತುಂಡು ಸಾಕು. ತಿರುಗುತ್ತಿರುವ ಚಕ್ (ಲೋಹದ ತುಂಡನ್ನು ಹಿಡಿದು ತಿರುಗಿಸುವ ಭಾಗ) ಹತ್ತಿರ ಮಾತ್ರ ಪೈಪ್ ಒಯ್ಯಬೇಡಿ, ಸುತ್ತಿಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಕಂಪ್ರೆಸರ್ ಗಾಳಿ ಊದಿ ಸುಮ್ನೆ ಚಕಚಕ ಮುಗಿಸೋಣ ಅನಿಸುತ್ತದೆ, ನಿಜ. ಆದರೆ ಆ ಗಾಳಿ ಚೂರುಗಳನ್ನು ಕಣ್ಣಿಗೂ ಹಾರಿಸುತ್ತದೆ, ಕ್ಯಾರೇಜ್ (ಉಳಿ ಹಿಡಿದು ಬೆಡ್ ಮೇಲೆ ಜಾರುವ ಭಾಗ) ಅಡಿಗೂ ತಳ್ಳುತ್ತದೆ. ಅಲ್ಲಿಂದ ತೆಗೆಯಬೇಕಾದರೆ ಮಷೀನನ್ನೇ ಬಿಚ್ಚಬೇಕು. ವ್ಯಾಕ್ಯೂಮ್ ಹಿಡಿದಾಗಲೂ ಕನ್ನಡಕ ಹಾಕಿಕೊಂಡೇ ಇರಿ.

ಬಕೆಟ್ ಖಾಲಿ ಮಾಡುವಾಗ ಚರ್ಮದ ಗ್ಲೌಸ್ ಹಾಕಿ, ನಿಧಾನವಾಗಿ ಸುರಿಯಿರಿ, ದೂಳು ಏಳುವುದು ಇದೇ ಹೊತ್ತಿನಲ್ಲಿ. ಸ್ಟೀಲ್, ಹಿತ್ತಾಳೆ, ಅಲ್ಯೂಮಿನಿಯಮ್ ಬೇರೆ ಬೇರೆ ಇಟ್ಟರೆ ಗುಜರಿಗೆ ಕೊಡುವಾಗ ಒಳ್ಳೆಯ ಬೆಲೆ ಸಿಗುತ್ತದೆ, ಒಂದು ಲೋಹದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಬಕೆಟ್ ಸುರಿದುಬಿಟ್ಟರೆ ಆಯಿತು. ಎಣ್ಣೆ ಹಿಡಿದಿದ್ದನ್ನು ಮುಚ್ಚಳವಿರುವ ತಗಡಿನ ಡಬ್ಬದಲ್ಲಿ, ಮನೆಯ ಹೊರಗೆ ಇಡಿ.