ಕಾಸರಗೋಡಿನಿಂದ ಚಳಿಗಾಲದ ದೆಹಲಿಗೆ ಹೊರಡುವ ಗೆಳೆಯರಿಗೆ

ಮೊದಲು ಯಾವ ತಿಂಗಳು ಅಂತ ತೀರ್ಮಾನ ಮಾಡಿ, ಟಿಕೆಟ್ ಆಮೇಲೆ. ನಮ್ಮ ಕಡೆ ಎಲ್ಲರೂ ನೋಡುವುದು ಕ್ರಿಸ್‌ಮಸ್ ರಜೆಯನ್ನು. ಆದರೆ ಡಿಸೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ದೆಹಲಿಯಲ್ಲಿ ಮಂಜು ಜಾಸ್ತಿ. ನವೆಂಬರ್‌ನಲ್ಲಿ ಹೊಗೆ. ಜನವರಿ 26ರ ಆಸುಪಾಸಿನಲ್ಲಿ ಪರೇಡ್ ತಯಾರಿ ಅಂತ ಇಂಡಿಯಾ ಗೇಟ್ ಸುತ್ತಲಿನ ರಸ್ತೆಗಳನ್ನು ಮುಚ್ಚುತ್ತಾರೆ. ನನ್ನನ್ನು ಕೇಳಿದರೆ ಫೆಬ್ರವರಿಯೇ ಒಳ್ಳೆಯದು. ಚಳಿಯೂ ಉಂಟು, ಬಿಸಿಲೂ ಉಂಟು, ರಾಷ್ಟ್ರಪತಿ ಭವನದ ಅಮೃತ ಉದ್ಯಾನವೂ ಸಾಮಾನ್ಯವಾಗಿ ಆಗಲೇ ತೆರೆಯುವುದು. ರಜೆ ಸಿಗುವುದು ಕ್ರಿಸ್‌ಮಸ್‌ಗೆ ಮಾತ್ರ ಅಂದರೆ ಖಂಡಿತ ಹೋಗಿ, ನಾವು ಐದು ಜನ ಹೋದದ್ದೂ ಆಗಲೇ. ಆದರೆ ದಿನದ ಲೆಕ್ಕವನ್ನು ಊರಿನ ಹಾಗೆ ಹಾಕಬೇಡಿ. ಅಲ್ಲಿ ಸೂರ್ಯ ಹುಟ್ಟುವುದೇ ಏಳು ಗಂಟೆ ದಾಟಿದ ಮೇಲೆ, ಮಂಜು ಕರಗುವಾಗ ಹತ್ತಾಗುತ್ತದೆ, ಸಂಜೆ ಐದೂವರೆಗೆ ಕತ್ತಲು. ನಿಮ್ಮ ಕೈಗೆ ಸಿಗುವುದು ಏಳು ಗಂಟೆ, ಅಷ್ಟೇ. ಈ ಏಳು ಗಂಟೆಯಲ್ಲಿ ಊರಿನ ಒಂದು ಭಾಗ ಮಾತ್ರ ನೋಡಿ. ಬೆಳಗ್ಗೆ ಕೆಂಪುಕೋಟೆ, ಮಧ್ಯಾಹ್ನ ಕುತುಬ್, ಸಂಜೆ ಅಕ್ಷರಧಾಮ ಅಂತ ಪಟ್ಟಿ ಮಾಡಿದರೆ ನೀವು ನೋಡುವುದು ದೆಹಲಿಯ ಟ್ರಾಫಿಕ್ಕನ್ನು.

ರೈಲಲ್ಲಿ ಹೋಗುವವರಿಗೆ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಕಾಸರಗೋಡಿನಲ್ಲೇ ನಿಲ್ಲುತ್ತದೆ. ಕೊಂಕಣ ದಾರಿ ಹಿಡಿದು, ನಾಸಿಕ್, ಭೋಪಾಲ್, ಆಗ್ರಾ ದಾಟಿ ದೆಹಲಿಯ ನಿಜಾಮುದ್ದೀನ್ ಸ್ಟೇಶನ್ ಮುಟ್ಟುತ್ತದೆ. ಎರಡು ರಾತ್ರಿಯ ಪ್ರಯಾಣ. 2024ರ ನವೆಂಬರ್ 1ರಿಂದ ರಿಸರ್ವೇಶನ್ 60 ದಿನ ಮೊದಲು ಮಾತ್ರ ತೆರೆಯುತ್ತದೆ, ಮೊದಲು 120 ಇತ್ತು. ಹಾಗಾಗಿ ಆ ದಿನ ಬೆಳಗ್ಗೆಯೇ ಒಬ್ಬರು ಕೂತು ಎಲ್ಲರದ್ದೂ ಒಟ್ಟಿಗೆ ಮಾಡಿ, ಹೋಗುವುದು ಮಾತ್ರ ಅಲ್ಲ, ಬರುವುದಕ್ಕೂ ಅದರ ದಿನ ಬಂದಾಗ ಕೂತುಕೊಳ್ಳಿ. ಮಂಗಳೂರಿನಿಂದ ವಿಮಾನ ಹಿಡಿಯುವುದಾದರೆ ಮಧ್ಯಾಹ್ನ ದೆಹಲಿ ಮುಟ್ಟುವುದನ್ನು ನೋಡಿ. ಬೆಳಗಿನದ್ದು ಮಂಜಿಗೆ ಸಿಕ್ಕಿಹಾಕಿಕೊಳ್ಳುತ್ತದೆ.

ನಮ್ಮ ರೈಲು ಗ್ವಾಲಿಯರ್‌ಗೆ ಮೊದಲೇ ಎಲ್ಲೋ ನಿಂತಿತು. ಕಿಟಕಿಯ ಹೊರಗೆ ಏನೂ ಇಲ್ಲ. ಮಳೆಗಾಲದ ಬೆಳಗ್ಗೆ ಹಂಡೆ ಕುದಿದು ಬಚ್ಚಲು ತುಂಬ ಹಬೆ ಕೂತಿರುತ್ತದಲ್ಲಾ, ಹಾಗೆ. ಪಕ್ಕದ ಹಳಿಯೂ ಕಾಣದು. ಆರು ಗಂಟೆ ತಡ ಆಯಿತು. ಪ್ಯಾಂಟ್ರಿಯ ಊಟ ಮುಗಿದಿತ್ತು, ಮನೆಯಿಂದ ಕಟ್ಟಿಸಿಕೊಂಡು ಬಂದ ಅವಲಕ್ಕಿ, ನೇಂದ್ರ ಚಿಪ್ಸ್, ಚಟ್ನಿಪುಡಿ ಆ ದಿನ ನಮ್ಮನ್ನು ಉಳಿಸಿತು. ಆದ್ದರಿಂದ ಹೇಳುವುದು: ಮುಟ್ಟುವ ದಿನಕ್ಕೆ ಯಾವ ಬುಕಿಂಗೂ ಇಟ್ಟುಕೊಳ್ಳಬೇಡಿ, ಮೂರನೆಯ ದಿನಕ್ಕೂ ತಿನ್ನಲು ಏನಾದರೂ ಮಿಗಿಸಿ.

ಇನ್ನೊಂದು, ಈ ರೈಲು ಆಗ್ರಾ ದಾಟಿಯೇ ಹೋಗುವುದಲ್ವಾ, ಟಿಕೆಟನ್ನು ಆಗ್ರಾ ಕಂಟೋನ್ಮೆಂಟ್‌ವರೆಗೆ ಮಾತ್ರ ತೆಗೆದು ಅಲ್ಲೇ ಒಂದು ರಾತ್ರಿ ಉಳಿಯಿರಿ. ದೆಹಲಿಗೆ ಹೋಗಿ ಮತ್ತೆ ಆಗ್ರಾಕ್ಕೆ ಬಂದು ಹೋಗುವುದು ಸುಮ್ನೆ ಒಂದು ದಿನ ಹಾಳು. ತಾಜ್ ಮಹಲ್ ಶುಕ್ರವಾರ ಮುಚ್ಚಿರುತ್ತದೆ, ಅದನ್ನು ನೋಡಿಕೊಂಡೇ ಹೊರಡುವ ದಿನ ಹಾಕಿ. ಟಿಕೆಟ್ ನಮಗೆ 50 ರೂಪಾಯಿ, ಗೋರಿಯ ಕಟ್ಟಡದ ಒಳಗೆ ಹೋಗಬೇಕಾದರೆ ಇನ್ನೂ 200. ಸೂರ್ಯೋದಯದ ತಾಜ್ ಅಂತ ಎಲ್ಲರೂ ಹೇಳುತ್ತಾರೆ, ಅದು ಬೇರೆ ತಿಂಗಳಿನ ಮಾತು. ನಾವು ಎಂಟು ಗಂಟೆಗೆ ದೊಡ್ಡ ಬಾಗಿಲಲ್ಲಿ ನಿಂತರೆ ಎದುರಿಗೆ ಬರೀ ಬಿಳಿ. "ಎಂಥದು ಮಾರಾಯಾ, ತಾಜ್ ಎಲ್ಲುಂಟು?" ಅಂತ ನಮ್ಮವನೊಬ್ಬ ಕೇಳಿದ. ಹನ್ನೊಂದರ ಹೊತ್ತಿಗೆ ಮೊದಲು ಎರಡು ಮಿನಾರು, ಆಮೇಲೆ ಗುಮ್ಮಟ, ಆಮೇಲೆ ಕೆಳಗಿನ ಕಟ್ಟೆ, ಹೀಗೆ ಒಂದೊಂದೇ ಮೂಡಿ ಬಂತು. ಅದನ್ನು ನೋಡಿದ ಮೇಲೆ ಕಾದದ್ದಕ್ಕೆ ಯಾರಿಗೂ ಬೇಜಾರಿರಲಿಲ್ಲ. ನೀವು ಹತ್ತಕ್ಕೆ ಒಳಗೆ ಹೋದರೆ ಸಾಕು.

ಬಟ್ಟೆಯ ವಿಷಯ ಸ್ವಲ್ಪ ಜಾಸ್ತಿ ಹೇಳುತ್ತೇನೆ, ನಮ್ಮ ಊರಿನವರು ತಪ್ಪುವುದು ಇಲ್ಲೇ. ನಮಗೆ 20 ಡಿಗ್ರಿ ಅಂದರೇ ಚಳಿ. ಅಲ್ಲಿ ರಾತ್ರಿ 5ಕ್ಕೆ ಇಳಿಯುತ್ತದೆ, ಕೆಲವು ದಿನ ಅದಕ್ಕಿಂತಲೂ ಕೆಳಗೆ. ಮೊದಲ ಬೆಳಗ್ಗೆ ತಲೆಗೆ ಹಚ್ಚಲು ತೆಂಗಿನೆಣ್ಣೆ ಬಾಟಲಿ ತೆಗೆದರೆ ಬಿಳಿ ಮೇಣದ ಹಾಗೆ ಗಟ್ಟಿ, ತಲೆಕೆಳಗೆ ಮಾಡಿದರೂ ಒಂದು ಹನಿ ಇಳಿಯಲಿಲ್ಲ. ಅಗಲ ಬಾಯಿಯ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ, ತುಟಿ, ಹಿಮ್ಮಡಿ ಒಡೆಯುವುದಕ್ಕೂ ಅದೇ ಮದ್ದು. ಒಂದು ದಪ್ಪ ಜಾಕೆಟ್ ಸಾಲ ತಂದರೆ ಸಾಲದು. ಮೈಗೆ ಅಂಟುವ ಥರ್ಮಲ್ ಒಂದು ಜೊತೆ, ಅದರ ಮೇಲೆ ಅಂಗಿ, ಅದರ ಮೇಲೆ ಸ್ವೆಟರ್, ಹೊರಗೆ ಗಾಳಿ ತಡೆಯುವ ಜಾಕೆಟ್. ಮಧ್ಯಾಹ್ನ ಬಿಸಿಲು ಬಂದಾಗ ಒಂದೊಂದೇ ಬಿಚ್ಚಿ ಬ್ಯಾಗಿಗೆ ಹಾಕಬಹುದು. ಕಿವಿ ಮುಚ್ಚುವ ಟೊಪ್ಪಿ ಮತ್ತು ಕಾಲುಚೀಲ ಮರೆಯಬೇಡಿ. ಚಪ್ಪಲಿಯಲ್ಲಿ ಹೋಗಬೇಡಿ. ಥರ್ಮಲ್ ಊರಿನಿಂದಲೇ ಇರಲಿ, ಸ್ವೆಟರ್ ಮತ್ತು ಜಾಕೆಟ್ ಸರೋಜಿನಿ ನಗರದ ಮಾರ್ಕೆಟ್‌ನಲ್ಲಿ ಚೌಕಾಸಿ ಮಾಡಿ ಕೊಳ್ಳಬಹುದು. ಆ ಮಾರ್ಕೆಟ್ ಸೋಮವಾರ ಇಲ್ಲ. ಎನ್95 ಮಾಸ್ಕ್ ಕೂಡ ಬೇಕು. ಉಬ್ಬಸ ಇರುವ ಗೆಳೆಯ ಇದ್ದರೆ ಅವನ ಪಂಪು ಅವನ ಜೇಬಿನಲ್ಲೇ ಇರಲಿ, ಗಾಳಿ ತುಂಬಾ ಕೆಟ್ಟ ದಿನ ಅವನನ್ನು ಬಲವಂತ ಮಾಡಿ ನಡೆಸಬೇಡಿ.

ರೂಮು ಹಿಡಿಯುವಾಗ ಚಿತ್ರ ನೋಡಿ ಮರುಳಾಗಬೇಡಿ. ನಾವು ನಿಂತ ಲಾಡ್ಜ್‌ನಲ್ಲಿ ಬಿಸಿನೀರು ಉಂಟು ಅಂತ ಬರೆದಿತ್ತು, ಮೂರೂ ದಿನ ಗೀಸರ್ ಕೆಲಸ ಮಾಡಲಿಲ್ಲ. ಹಣ ಕೊಡುವ ಮೊದಲು ನಲ್ಲಿ ತಿರುಗಿಸಿ ನೋಡಿ, ರಜಾಯಿ ಎಷ್ಟು ಅಂತ ಎಣಿಸಿ. ಚಳಿ ಅಂತ ಯಾರಾದರೂ ಇದ್ದಲಿನ ಅಗ್ಗಿಷ್ಟಿಕೆ ಕೊಟ್ಟರೆ ಬಾಗಿಲು ಮುಚ್ಚಿದ ರೂಮಿನಲ್ಲಿ ಅದನ್ನು ಇಟ್ಟು ಮಲಗಲೇಬಾರದು. ಇದ್ದಲಿನಿಂದ ಬರುವ ವಿಷಗಾಳಿಗೆ (ಕಾರ್ಬನ್ ಮಾನಾಕ್ಸೈಡ್) ವಾಸನೆಯೂ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ರೂಮು ಮೆಟ್ರೋ ಸ್ಟೇಶನ್‌ಗೆ ನಡೆದು ಹೋಗುವಷ್ಟು ಹತ್ತಿರ ಇರಲಿ. ಮೆಟ್ರೋ 2002ರ ಡಿಸೆಂಬರ್‌ನಲ್ಲಿ ಶುರುವಾದದ್ದು, ಈಗ ಊರಿಡೀ ಹರಡಿದೆ, ಮಂಜಿಗೂ ಟ್ರಾಫಿಕ್ಕಿಗೂ ಸಿಗದೆ ಓಡುವುದು ಅದೊಂದೇ. ಸಾಮಾನ್ಯವಾಗಿ ಹೋಗುವ ದಿಕ್ಕಿನ ಮೊದಲ ಬೋಗಿ ಹೆಂಗಸರಿಗೆ ಮಾತ್ರ, ಅವಸರದಲ್ಲಿ ಹುಡುಗರು ಅದಕ್ಕೆ ಹತ್ತಬೇಡಿ. ನ್ಯೂ ಡೆಲ್ಲಿ ಸ್ಟೇಶನ್ ಹೊರಗೆ "ನಿಮ್ಮ ಟಿಕೆಟ್ ಕ್ಯಾನ್ಸಲ್ ಆಗಿದೆ, ಟೂರಿಸ್ಟ್ ಆಫೀಸಿಗೆ ಬನ್ನಿ" ಅನ್ನುವವರು ಸಿಗುತ್ತಾರೆ. ನಿಲ್ಲದೆ ನಡೆಯಿರಿ.

ಜಾಗಗಳನ್ನು ಹೀಗೆ ಹಂಚಿಕೊಳ್ಳಿ. ಒಂದು ದಿನ ಹಳೆ ದೆಹಲಿ: ಕೆಂಪುಕೋಟೆ, ಜಾಮಾ ಮಸೀದಿ, ಚಾಂದನಿ ಚೌಕ, ಎಲ್ಲ ನಡೆದೇ ಆಗುತ್ತದೆ. ಕೋಟೆಗೆ ಸೋಮವಾರ ರಜೆ, ಚಾಂದನಿ ಚೌಕದ ಹೆಚ್ಚಿನ ಅಂಗಡಿಗಳಿಗೆ ಭಾನುವಾರ ರಜೆ, ಎರಡನ್ನೂ ತಪ್ಪಿಸಿ. ಇಲ್ಲಿ ದೌಲತ್ ಕಿ ಚಾಟ್ ಅಂತ ಒಂದು ಸಿಗುತ್ತದೆ, ಚಳಿಗಾಲದಲ್ಲಿ ಮಾತ್ರ. ಹಾಲನ್ನು ಕಡೆದು ತೆಗೆದ ನೊರೆ, ಮೇಲೆ ಕೇಸರಿ, ಸಕ್ಕರೆ. ಎಲೆಯ ದೊನ್ನೆಯಿಂದ ಬಾಯಿಗಿಟ್ಟರೆ ಜಗಿಯಲು ಏನೂ ಇರುವುದಿಲ್ಲ, ನಾಲಿಗೆಯ ಮೇಲೆ ತಂಪು ಮಾತ್ರ ಉಳಿಯುತ್ತದೆ. ಮಧ್ಯಾಹ್ನದ ಮೊದಲೇ ತಿನ್ನಿ, ಬಿಸಿಲಿಗೆ ಅದು ಇಳಿದುಹೋಗುತ್ತದೆ. ಸೋಮವಾರವನ್ನು ಹುಮಾಯೂನ್ ಗೋರಿ, ಲೋಧಿ ಗಾರ್ಡನ್, ಇಂಡಿಯಾ ಗೇಟ್‌ಗೆ ಇಡಿ, ಯಾಕೆಂದರೆ ಅಕ್ಷರಧಾಮ, ಲೋಟಸ್ ಟೆಂಪಲ್, ನ್ಯಾಷನಲ್ ಮ್ಯೂಸಿಯಂ ಎಲ್ಲವೂ ಅವತ್ತು ಮುಚ್ಚಿರುತ್ತವೆ. ಕುತುಬ್ ಮಿನಾರ್‌ಗೆ ಅರ್ಧ ದಿನ ಕೊಡಿ. 73 ಮೀಟರ್ ಎತ್ತರದ ಮಿನಾರನ್ನು ನೋಡುವ ಗಡಿಬಿಡಿಯಲ್ಲಿ ಅಂಗಳದ ಕಬ್ಬಿಣದ ಕಂಬವನ್ನು ಬಿಡಬೇಡಿ. 1600 ವರ್ಷದ ಹತ್ತಿರ ಹತ್ತಿರ ಮಳೆ, ಮಂಜು ತಿಂದು ನಿಂತಿದೆ, ತುಕ್ಕು ಹಿಡಿದಿಲ್ಲ. ಕಬ್ಬಿಣದಲ್ಲಿದ್ದ ರಂಜಕದಿಂದಾಗಿ ಮೇಲೆ ತೆಳ್ಳಗಿನ ಪೊರೆ ಕಟ್ಟಿಕೊಂಡು ಅದೇ ಕಾಪಾಡುತ್ತಿದೆ ಅನ್ನುತ್ತಾರೆ. ನಮ್ಮ ಊರಲ್ಲಿ ಗೇಟಿಗೆ ಎರಡು ವರ್ಷಕ್ಕೊಮ್ಮೆ ಪೇಂಟ್ ಹೊಡೆಯುವವರಿಗೆ ಅದರ ಬೆಲೆ ಗೊತ್ತಾಗುತ್ತದೆ.

ಅನ್ನ ಬೇಕು ಅನಿಸಿದಾಗ ಜಂತರ್ ಮಂತರ್ ರಸ್ತೆಯ ಕೇರಳ ಹೌಸ್ ಕ್ಯಾಂಟೀನಿಗೆ ಹೋಗಿ, ಹೊರಗಿನವರಿಗೂ ಊಟ ಕೊಡುತ್ತಾರೆ. ನಾಲ್ಕು ದಿನ ಪರಾಠ ತಿಂದ ಮೇಲೆ ಕುಚ್ಚಲಕ್ಕಿ ಅನ್ನದ ಮುಂದೆ ನಮ್ಮ ಐವರಲ್ಲಿ ಯಾರೂ ಮಾತಾಡಲಿಲ್ಲ.

ಖರ್ಚಿಗೆ ಹೊರಡುವ ದಿನವೇ ಎಲ್ಲರೂ ಒಂದೇ ಮೊತ್ತ ಹಾಕಿ, ಒಬ್ಬರ ಕೈಯಲ್ಲಿ ಇಡಿ. ಆಟೋ, ಚಹಾ, ಟಿಕೆಟ್ ಎಲ್ಲ ಅದರಿಂದಲೇ. ರಾತ್ರಿ ಮಲಗುವ ಮೊದಲು ಐದು ನಿಮಿಷ ಕೂತು ಲೆಕ್ಕ ಓದಿಬಿಡಿ, ಮನಸ್ಸಿನಲ್ಲಿ ಇಟ್ಟುಕೊಂಡು ಊರಿಗೆ ತಂದರೆ ಸ್ನೇಹಕ್ಕೆ ಒಳ್ಳೆಯದಲ್ಲ. ಒಬ್ಬನಿಗೆ ಸುಸ್ತಾದರೆ ರೂಮಿನಲ್ಲಿ ಇರಲಿ ಬಿಡಿ, ಆದರೆ ಎಲ್ಲರ ಫೋನಿನಲ್ಲೂ ಲಾಡ್ಜ್‌ನ ವಿಳಾಸ ಇರಲಿ, ಮಂಜಿಗೆ ಗಲ್ಲಿಗಳೆಲ್ಲ ಒಂದೇ ಥರ ಕಾಣುತ್ತವೆ.

ಮನೆಗೆ ತರಲು ಎಳ್ಳು ಬೆಲ್ಲದ ಗಜಕ್ ಒಳ್ಳೆಯದು. ಕೊನೆಯ ದಿನ ಕೊಳ್ಳಿ, ಗಾಳಿಯಾಡದ ಸ್ಟೀಲ್ ಡಬ್ಬಿಯನ್ನು ಊರಿನಿಂದಲೇ ಖಾಲಿ ತೆಗೆದುಕೊಂಡು ಹೋಗಿರಿ. ಅಲ್ಲಿ ಕಟಕಟ ಅನ್ನುವ ಗಜಕ್ ನಮ್ಮ ಕಡಲ ಗಾಳಿಗೆ ಒಂದೇ ದಿನದಲ್ಲಿ ಮೆತ್ತಗಾಗಿಬಿಡುತ್ತದೆ.