ಸಿ ಭಾಷೆಯಲ್ಲಿ ಪದ ಬಿಡಿಸಿದ ನನ್ನ ಅನುಭವ

ಒಂದು ಫೈಲ್‌ನಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸುವ ಸಣ್ಣ ಪ್ರೋಗ್ರಾಮ್ ಬರೆಯಲು ಕೂತಿದ್ದೆ. ಎಣಿಸುವ ಭಾಗ ಬೇಗ ಮುಗಿಯಿತು. ಪದಗಳನ್ನು ಬಿಡಿಸುವುದಕ್ಕೇ ಜಾಸ್ತಿ ಹೊತ್ತು ಹಿಡಿಯಿತು.

ಮೊದಲು ಹಿಡಿದದ್ದು ಸ್ಟ್ರ್‌ಟಾಕ್ (strtok), ಅಂದರೆ ಬರಹವನ್ನು ತುಂಡು ತುಂಡಾಗಿ ಬಿಡಿಸಿಕೊಡುವ ಸಿ ಫಂಕ್ಷನ್. ಇಡೀ ಫೈಲನ್ನು ಮೆಮೊರಿಗೆ ತಂದು, ಹೊರಗಿನ ಲೂಪ್‌ನಲ್ಲಿ ಸಾಲು, ಒಳಗಿನ ಲೂಪ್‌ನಲ್ಲಿ ಪದ ಎಂದು ಬರೆದೆ. ಓಡಿಸಿದರೆ ಮೊದಲ ಸಾಲಿನ ಪದಗಳಷ್ಟೇ ಬಂದವು. ಎರರ್ ಇಲ್ಲ, ಕ್ರ್ಯಾಶ್ ಇಲ್ಲ, ಸುಮ್ನೆ ಮುಗಿದುಬಿಡುತ್ತಿತ್ತು. ಕಾರಣ ಇಷ್ಟೇ: ಸ್ಟ್ರ್‌ಟಾಕ್ ತಾನು ಎಲ್ಲಿವರೆಗೆ ಬಂದಿದ್ದೇನೆ ಎಂಬುದನ್ನು ತನ್ನೊಳಗೆ ಒಂದೇ ಕಡೆ ನೆನಪಿಟ್ಟುಕೊಳ್ಳುತ್ತದೆ. ಒಳಗಿನ ಲೂಪ್ ಅಲ್ಲಿ ತನ್ನ ಜಾಗ ಬರೆದುಬಿಟ್ಟಿತ್ತು. ಹೊರಗಿನ ಲೂಪ್ ಮುಂದಿನ ಸಾಲು ಕೇಳಿದಾಗ ಸಿಕ್ಕಿದ್ದು ನಲ್, ಅಂದರೆ ಇನ್ನೇನೂ ಉಳಿದಿಲ್ಲ ಎಂಬ ಉತ್ತರ. ತನ್ನ ಜಾಗವನ್ನು ನಾವು ಕೊಟ್ಟ ಪಾಯಿಂಟರ್‌ನಲ್ಲಿ ಇಡುವ ಸ್ಟ್ರ್‌ಟಾಕ್_ಆರ್ ಹಾಕಿ, ಎರಡು ಲೂಪ್‌ಗೂ ಬೇರೆ ಬೇರೆ ಪಾಯಿಂಟರ್ ಕೊಟ್ಟ ಮೇಲೆ ಸರಿಹೋಯಿತು.

ಆಮೇಲೆ ದೊಡ್ಡ ಫೈಲ್ ಬಂತು. 128 ಬೈಟ್ ಬಫರ್ (ಓದಿದ್ದನ್ನು ಇಡುವ ಜಾಗ) ಇಟ್ಟು, ಸಾಲು ಓದುವ ಫಂಕ್ಷನ್ ಆದ ಎಫ್‌ಗೆಟ್ಸ್‌ನಿಂದ ಓದತೊಡಗಿದೆ. ಅದು ಒಂದು ಸಲಕ್ಕೆ ಹೆಚ್ಚೆಂದರೆ 127 ಬೈಟ್ ಓದುತ್ತದೆ, ಉಳಿದ ಒಂದು, ಬರಹ ಇಲ್ಲಿಗೆ ಮುಗಿಯಿತು ಎಂದು ತೋರಿಸುವ ಕೊನೆಯ ಸೊನ್ನೆಗೆ. ಉದ್ದ ಸಾಲಿನಲ್ಲಿ ಆ ಗಡಿಗೆ ಸಿಕ್ಕ ಪದ ತುಂಡಾಗಿ ಎರಡು ಪದ ಎಂದು ಲೆಕ್ಕಕ್ಕೆ ಸೇರಿತು. ಬಫರ್ ದೊಡ್ಡದು ಮಾಡಿದರೂ ಇನ್ನೂ ಉದ್ದದ ಸಾಲಿಗೆ ಅದೇ ಗತಿ, ಅಲ್ವಾ?

ಆಗ ಸಾಲಿನ ಯೋಚನೆಯನ್ನೇ ಬಿಟ್ಟೆ. ಗೆಟ್‌ಚಾರ್‌ನಿಂದ ಒಂದೊಂದೇ ಬೈಟ್ ಓದುವುದು, ಈಗ ಪದದ ಒಳಗಿದ್ದೇವೆಯೇ ಎಂದು ಹೇಳುವ ಒಂದು ಫ್ಲ್ಯಾಗ್ ಇಡುವುದು. ಸ್ಪೇಸ್, ಟ್ಯಾಬ್, ನ್ಯೂಲೈನ್ ಬಂದಾಗ ಫ್ಲ್ಯಾಗ್ 1 ಇದ್ದರೆ ಪದ ಮುಗಿಯಿತು, ಫ್ಲ್ಯಾಗ್ ಮತ್ತೆ 0. ಮೊದಲೇ 0 ಇದ್ದರೆ ಏನೂ ಮಾಡಬೇಕಿಲ್ಲ. ಬೇರೆ ಏನು ಬಂದರೂ ಫ್ಲ್ಯಾಗ್ 1, ಆ ಬೈಟ್ ಪದಕ್ಕೆ ಸೇರುತ್ತದೆ. ಹತ್ತು ಸ್ಪೇಸ್ ಒಟ್ಟಿಗೆ ಬಂದರೂ ಖಾಲಿ ಪದ ಹುಟ್ಟುವುದಿಲ್ಲ. ಪದದ ಜಾಗ ತುಂಬಿದರೆ, ಮೆಮೊರಿ ಹಿಗ್ಗಿಸಿಕೊಡುವ ರೀಅಲಾಕ್‌ನಿಂದ ಎರಡರಷ್ಟು ಮಾಡುತ್ತೇನೆ. ನಾನು ಬರೆದ ಕೋಡ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು.

ಗೆಟ್‌ಚಾರ್ ಕೊಟ್ಟದ್ದನ್ನು ಪೂರ್ಣಾಂಕ ಹಿಡಿಸುವ ಇಂಟ್‌ನಲ್ಲೇ ಇಡಿ. ಒಂದೇ ಬೈಟ್ ಹಿಡಿಸುವ ಚಾರ್‌ನಲ್ಲಿ ಇಟ್ಟರೆ 255 ಎಂಬ ಬೈಟ್ ಬಂದಾಗ ಫೈಲ್ ಮುಗಿಯಿತು ಎಂದು ಪ್ರೋಗ್ರಾಮ್ ಮೋಸಹೋಗಬಹುದು. ಲೂಪ್ ಮುಗಿದ ಮೇಲೂ ಒಮ್ಮೆ ಫ್ಲ್ಯಾಗ್ ನೋಡಿ. ಕೊನೆಯಲ್ಲಿ ನ್ಯೂಲೈನ್ ಇಲ್ಲದ ಫೈಲ್‌ನಲ್ಲಿ ನನಗೆ ಕಡೆಯ ಪದ ತಪ್ಪಿಹೋಗಿದ್ದು ಹಾಗೆ ನೋಡದ ಕಾರಣಕ್ಕೆ.

ಕನ್ನಡ ಬರಹ ಕೊಟ್ಟು ನೋಡುವಾಗ ಸ್ವಲ್ಪ ಅಳುಕಿತ್ತು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ‘ಮನೆ’ ಎಂಬ ಪದವೇ 9 ಬೈಟ್. ಆದರೆ ಆ ಬೈಟ್‌ಗಳೆಲ್ಲ 128ರಿಂದ ಮೇಲಿನವು, ಸ್ಪೇಸ್ ಎಂದರೆ 32. ಒಂದಕ್ಕೊಂದು ಬೆರೆಯುವ ಮಾತೇ ಇಲ್ಲ. ಒಂದು ಸಾಲೂ ಬದಲಿಸದೆ ಪದಗಳು ಸರಿಯಾಗಿ ಬಿಡಿಸಿಕೊಂಡವು.