26 ಕೆ.ಜಿ. ಚೀಲ ಮತ್ತು ಮೂರು ಇಂಟರ್‌ವ್ಯೂ: ನನ್ನ ಅನುಭವ

ಮೂರನೇ ಸಲಕ್ಕೆ ಎಂಬಿಎ ಸೀಟು ಸಿಕ್ಕಿತು. ಮೊದಲ ಎರಡು ಸಲ ರೂಮಿನಿಂದ ಹೊರಗೆ ಬರುವಾಗಲೇ ಆಗಲಿಲ್ಲ ಅಂತ ಗೊತ್ತಾಗಿತ್ತು. ಮೂರನೇ ಸಲ ನಾನು ಮಾಡಿದ ತಯಾರಿ ನೋಡಿ ನಕ್ಕವರೇ ಜಾಸ್ತಿ. ಈಗ ಅವರೇ ಫೋನ್ ಮಾಡಿ "ಏನ್ ಮಾಡಿದಿಲೇ, ಸ್ವಲ್ಪ ಹೇಳು" ಅಂತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಅದಕ್ಕೆ ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ. ಕ್ಯಾಟ್ ಅಂದ್ರೆ ಎಂಬಿಎ ಪ್ರವೇಶ ಪರೀಕ್ಷೆ, ವ್ಯಾಟ್ ಅಂದ್ರೆ ಇಂಟರ್‌ವ್ಯೂ ಜೊತೆ ಬರುವ ಚಿಕ್ಕ ಬರವಣಿಗೆ ಪರೀಕ್ಷೆ, ಇವೆರಡು ಗೊತ್ತಿದ್ದರೆ ಸಾಕು. (ನಮ್ಮಪ್ಪನಿಗೆ ವ್ಯಾಟ್ ಅಂದ್ರೆ ಇವತ್ತಿಗೂ ಹಳೇ ಟ್ಯಾಕ್ಸ್. "ಅದು ಜಿಎಸ್‌ಟಿ ಬಂದಮ್ಯಾಲೆ ಹೋತಲ್ಲೋ" ಅಂತಾರೆ.)

ಊರು ಗಂಗಾವತಿ. ಅಪ್ಪ ರೈಸ್ ಮಿಲ್‌ನಲ್ಲಿ ಗುಮಾಸ್ತ, ಇಪ್ಪತ್ತು ವರ್ಷದ ಮೇಲಾಯಿತು, ಒಂದೇ ಮಿಲ್. ನಾನು ಬಿಕಾಂ ಮುಗಿಸಿ ಊರಲ್ಲೇ ಒಂದು ಟ್ಯಾಕ್ಸ್ ಆಫೀಸಿನಲ್ಲಿ ರಿಟರ್ನ್ ತುಂಬುವ ಕೆಲಸಕ್ಕೆ ಸೇರಿದೆ. ಕ್ಯಾಟ್ ಪರ್ಸೆಂಟೈಲ್ ಮೂರೂ ವರ್ಷ 95ರ ಆಸುಪಾಸು, ಮೂರನೇ ವರ್ಷ ಸ್ವಲ್ಪ ಇಳಿದೇ ಇತ್ತು. ಆದರೂ ಸಿಕ್ಕಿದ್ದು ಅದೇ ವರ್ಷ. ಅಂದರೆ ಫರಕು ಬಿದ್ದದ್ದು ಇಂಟರ್‌ವ್ಯೂನಲ್ಲೇ.

ಮೊದಲನೇದು 2023ರಲ್ಲಿ, ಬೆಂಗಳೂರಿನಲ್ಲಿ. ಇಬ್ಬರು ಕೂತಿದ್ದರು. ಫಾರಂ ನೋಡಿದ ಹಿರಿಯರು, ಗಂಗಾವತಿ ಅಂದ್ರೆ ಅಕ್ಕಿ, ನಿಮ್ಮ ಕೆಲಸ ಜಿಎಸ್‌ಟಿ, ಹಾಗಿದ್ರೆ ಅಂಗಡೀಲಿ ಈಗ 26 ಕೆ.ಜಿ. ಚೀಲ ಯಾಕೆ ಕಾಣ್ತಿದೆ ಹೇಳಿ ಅಂದರು. ನನಗೆ ಖುಷಿಯೋ ಖುಷಿ. 2022ರ ಜುಲೈ 18ರಿಂದ ಲೇಬಲ್ ಹಾಕಿ ಪ್ಯಾಕ್ ಮಾಡಿದ ಅಕ್ಕಿಗೆ 25 ಕೆ.ಜಿ.ವರೆಗೆ 5% ಟ್ಯಾಕ್ಸ್ ಬಂತು, ಒಂದು ಕೆ.ಜಿ. ಜಾಸ್ತಿ ತುಂಬಿದರೆ ಟ್ಯಾಕ್ಸ್ ಇಲ್ಲ ಅಂತ ಪಟಪಟ ಹೇಳಿದೆ. ಆಗ ಪಕ್ಕದವರು ಕೇಳಿದರು: "ಇದರಿಂದ ನಷ್ಟ ಯಾರಿಗೆ?" ಯಾರಿಗೂ ಇಲ್ಲ ಸರ್ ಅಂದುಬಿಟ್ಟೆ. ಅವರು ನಕ್ಕರು. ಮಾರಾಟಕ್ಕೆ ಟ್ಯಾಕ್ಸ್ ಇಲ್ಲ ಅಂದ್ರೆ ಮಿಲ್‌ನವರು ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿದ 18% ಏನಾಗುತ್ತೆ ಅಂತ ಮತ್ತೆ ಕೇಳಿದರು. ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ಟ್ಯಾಕ್ಸ್ ಅನ್ನು ಮಾರುವಾಗಿನ ಟ್ಯಾಕ್ಸ್‌ನಲ್ಲಿ ಕಳೆಯೋದು) ಸಿಗಲ್ಲ, ಅದು ಮಿಲ್‌ನ ಖರ್ಚಿಗೆ ಸೇರುತ್ತೆ. ಪ್ರತಿ ತಿಂಗಳು 20ನೇ ತಾರೀಖಿನೊಳಗೆ ನಾನೇ ತುಂಬುವ ಲೆಕ್ಕ ಅದು! ಬಾಯಿಗೆ ಬರಲೇ ಇಲ್ಲ.

ಮನೆಗೆ ಬಂದು ಅಪ್ಪನಿಗೆ ಹೇಳಿದರೆ ಅವರೂ ನಕ್ಕರು. "ಹಳೇ 25ರ ಪ್ರಿಂಟ್ ಇದ್ದ ಖಾಲಿ ಚೀಲ ಗೋಡೌನ್ ತುಂಬ ಬಿದ್ದಾವ, ಅದು ನಷ್ಟ ಅಲ್ಲೇನು? ನನ್ನ ಕೇಳಿ ಹೋಗಬೇಕಿತ್ತು" ಅಂದರು. ಆ ಮಾತು ಆಗಲೇ ತಲೆಗೆ ಹೋಗಿದ್ದರೆ ಒಂದು ವರ್ಷ ಉಳಿಯುತ್ತಿತ್ತು. ಹೋಗಲಿಲ್ಲ. ನನಗೆ ಇಂಗ್ಲಿಷ್ ಬರಲ್ಲ, ಅದೇ ತೊಂದರೆ ಅಂತ ತೀರ್ಮಾನ ಮಾಡಿಕೊಂಡೆ.

ಎರಡನೇ ವರ್ಷ ದುಡ್ಡು ಸುರಿದೆ. ಒಂದು ಕೋಚಿಂಗ್‌ಗೆ 14 ಸಾವಿರ ಕಟ್ಟಿದೆ. ಆರು ಮಾಕ್ (ಅಭ್ಯಾಸದ) ಇಂಟರ್‌ವ್ಯೂ ಅಂದಿದ್ದರು, ನಾಲ್ಕು ಮಾಡಿದರು, ಅದರಲ್ಲಿ ಎರಡು ಆನ್‌ಲೈನ್, ಅದರಲ್ಲೊಂದು ನಮ್ಮೂರ ಕರೆಂಟ್ ಹೋಗಿ ಅರ್ಧಕ್ಕೆ ನಿಂತಿತು. ಹಾಕಿಕೊಳ್ಳೋ ಕೋಟಿಗೆ 4,800 ಕೊಟ್ಟೆ, ಭುಜ ಸ್ವಲ್ಪ ದೊಡ್ಡದು, ಕನ್ನಡಿ ಮುಂದೆ ನಿಂತರೆ ಮದುವೆ ಬ್ಯಾಂಡ್‌ನವರ ಹಾಗೆ ಕಾಣುತ್ತಿದ್ದೆ. ಊರಿನ ಬಗ್ಗೆ ಜಾಸ್ತಿ ಮಾತಾಡಬೇಡಿ, ಹಂಪಿ ಹತ್ತಿರ ಅಂತ ಹೇಳಿ ಮುಂದಕ್ಕೆ ಹೋಗಿ ಅಂತ ಕೋಚಿಂಗ್‌ನವರು ಹೇಳಿಕೊಟ್ಟರು. ಅರವತ್ತು ಉತ್ತರ ಬಾಯಿಪಾಠ ಮಾಡಿದೆ. 2024ರ ಇಂಟರ್‌ವ್ಯೂನಲ್ಲಿ ಅಕ್ಕಿ ಮತ್ತೆ ಬಂತು. 2023ರ ಜುಲೈನಲ್ಲಿ ಬಾಸ್ಮತಿ ಅಲ್ಲದ ಬೆಳ್ತಿಗೆ ಅಕ್ಕಿ ರಫ್ತು ನಿಲ್ಲಿಸಿದರಲ್ಲ, ಅದು ಸರಿಯಾ ತಪ್ಪಾ ಅಂತ ಕೇಳಿದರು. ರೈತನಿಗೆ ಹೀಗೆ, ಗ್ರಾಹಕನಿಗೆ ಹಾಗೆ, ಸರ್ಕಾರ ಎರಡನ್ನೂ ತೂಗಿಸಬೇಕು ಅಂತ ಬಾಯಿಪಾಠ ಒಪ್ಪಿಸಿದೆ. "ಅದೆಲ್ಲ ಇರಲಿ, ಆಮೇಲೆ ನಿಮ್ಮೂರಲ್ಲಿ ಭತ್ತದ ರೇಟು ಇಳಿಯಿತಾ?" ನನಗೆ ಗೊತ್ತಿರಲಿಲ್ಲ. ಇಳಿದಿರಬೇಕು ಅಂದೆ. ಹತ್ತೋ ಹನ್ನೊಂದೋ ನಿಮಿಷಕ್ಕೆ ಥ್ಯಾಂಕ್ಯೂ ಹೇಳಿ ಕಳಿಸಿದರು. ಅವತ್ತು ರಾತ್ರಿ ಫೋನಿನಲ್ಲಿ ಅಪ್ಪ ಹೇಳಿದ್ದು: "ಬರಗಾಲ ಬಿದ್ದು ಕಾಲುವ್ಯಾಗ ನೀರಿಲ್ಲ, ಎರಡನೇ ಬೆಳೆ ಇಲ್ಲ. ನೆಲ್ಲೇ ಇಲ್ಲ ಅಂದ್ರ ರೇಟ್ ಯಾಕ ಬೀಳತದಲೇ?"

ಆ ರಾತ್ರಿ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ಎರಡು ಸಲವೂ ನಾನು ಬಿದ್ದದ್ದು ನನ್ನ ಮನೆ ಅಂಗಳದಲ್ಲೇ.

ಮೂರನೇ ಸಲ ಮಾಡಿದ್ದು ಇಷ್ಟೇ. ಫಾರಂ ಪ್ರಿಂಟ್ ತೆಗೆದು, ಅದರಲ್ಲಿ ನಾನು ಬರೆದ ಪ್ರತಿಯೊಂದು ಹೆಸರು, ಊರು, ವಿಷಯ, ಹವ್ಯಾಸದ ಕೆಳಗೆ ಗೆರೆ ಎಳೆದೆ. ಎಪ್ಪತ್ತರ ಹತ್ತಿರ ಪದ ಆದವು. 200 ಪುಟದ ಒಂದು ನೋಟ್‌ಬುಕ್ ತಂದು ಒಂದೊಂದು ಪದಕ್ಕೆ ಎರಡು ಪುಟ ಬಿಟ್ಟೆ. ಪುಟದ ಮೇಲೆ ಒಂದೇ ಪ್ರಶ್ನೆ: ಇದರ ಬಗ್ಗೆ ಊರಲ್ಲಿ ನನಗಿಂತ ಜಾಸ್ತಿ ಗೊತ್ತಿರೋರು ಯಾರು? ಹೆಸರು ಬರೆದು, ಅವರ ಹತ್ತಿರ ಹೋಗಿ, ನನಗೆ ಗೊತ್ತಿದ್ದದ್ದನ್ನು ಕನ್ನಡದಲ್ಲೇ ಹೇಳಿ, ಅವರಿಂದ ಅಡ್ಡ ಪ್ರಶ್ನೆ ಹಾಕಿಸಿಕೊಳ್ಳೋದು. ಸಿಕ್ಕಿಬಿದ್ದ ಜಾಗ ಕೆಂಪು ಪೆನ್ನಿನಲ್ಲಿ. ಮೂರು ಸಲ "ಯಾಕೆ" ಅಂತ ಕೇಳಿದರೂ ನಾನು ಸಿಕ್ಕಿಬೀಳದಿದ್ದರೆ ಮಾತ್ರ ಆ ಉತ್ತರ ಇಂಗ್ಲಿಷಿಗೆ. ಅಲ್ಲಿವರೆಗೆ ಇಂಗ್ಲಿಷ್ ಮುಟ್ಟಲಿಲ್ಲ. ಇದನ್ನು ಕೇಳಿಯೇ ಗೆಳೆಯರು ನಕ್ಕಿದ್ದು. "ಹಮಾಲರ ಹತ್ರ ಮಾಕ್ ಇಂಟರ್‌ವ್ಯೂ ಮಾಡ್ತಾನಂತ" ಅಂತ ವಗ್ಗಾಣಿ ಅಂಗಡಿ ತುಂಬ ಸುದ್ದಿ.

ನಿಜ, ಹಮಾಲರ ಹತ್ತಿರವೂ ಹೋದೆ. ಲಾರಿ ತುಂಬಿ, ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಮೈಮೇಲಿನ ಧೂಳು ಒರೆಸಿಕೊಳ್ಳುತ್ತಿದ್ದ ಒಬ್ಬ ಹಿರಿಯರಿಗೆ ಚಹಾ ಕೊಡಿಸಿ, 26 ಕೆ.ಜಿ. ಚೀಲ ಬಂದಮೇಲೆ ಏನು ಬದಲಾಯಿತು ಕಾಕಾ ಅಂತ ಕೇಳಿದೆ. ಅವರು ಲೋಟ ಕೆಳಗಿಟ್ಟು ಹೇಳಿದರು: "ಕೂಲಿ ಚೀಲದ ಲೆಕ್ಕ ತಮ್ಮಾ. ಚೀಲಕ್ಕ ಅಷ್ಟ ರೊಕ್ಕ. ಆ ಒಂದು ಕೆ.ಜಿ. ನಮ್ಮ ಬೆನ್ನಮ್ಯಾಲೆ ಪುಕ್ಕಟೆ." ನಷ್ಟ ಯಾರಿಗೆ ಅಂತ 2023ರಲ್ಲಿ ಕೇಳಿದ್ದಕ್ಕೆ ಉತ್ತರ ಒಂದು ಲೋಟ ಚಹಾಕ್ಕೆ ಸಿಕ್ಕಿತು. 14 ಸಾವಿರ ಕೊಟ್ಟಾಗ ಸಿಕ್ಕಿರಲಿಲ್ಲ.

ಎಲ್ಲಕ್ಕಿಂತ ಒಳ್ಳೆ ಮಾಕ್ ಆಗಿದ್ದು ಬ್ಯಾಂಕಿನಲ್ಲಿ. ಎಜುಕೇಶನ್ ಲೋನ್ ವಿಚಾರಿಸೋಕೆ ಹೋಗಿದ್ದೆ, ಸೀಟು ಇನ್ನೂ ಸಿಕ್ಕಿರಲಿಲ್ಲ, ಸುಮ್ನೆ ಕೇಳಿಬರೋಣ ಅಂತ. ಹದಿನೇಳು ಲಕ್ಷ ಬೇಕಾಗುತ್ತೆ ಸರ್ ಅಂದೆ. ಮ್ಯಾನೇಜರ್ ಕನ್ನಡಕ ತೆಗೆದಿಟ್ಟರು. ಈಗ ಸಂಬಳ ಎಷ್ಟು? ಹದಿನಾರು ಸಾವಿರ. ಎರಡು ವರ್ಷ ಅದೂ ಇರಲ್ಲ, ಬಡ್ಡಿ ಓಡ್ತಾ ಇರುತ್ತೆ, ಹತ್ತು ವರ್ಷಕ್ಕೆ ಹಾಕಿದರೂ ಕಂತು 22 ಸಾವಿರದ ಹತ್ತಿರ, ಎಲ್ಲಿಂದ ಕಟ್ತೀರಿ? ಇದನ್ನು ಓದದೇ ಇದ್ರೆ ನಿಮಗೆ ಏನು ಆಗಲ್ಲ? ಟ್ಯಾಕ್ಸ್ ಆಫೀಸಿನಲ್ಲೇ ಇದ್ದು ಸ್ವಂತ ಆಫೀಸ್ ಹಾಕಿದರೆ ಇದಕ್ಕಿಂತ ಜಾಸ್ತಿ ದುಡೀಬಹುದಲ್ವಾ? ಕೋಚಿಂಗ್‌ನಲ್ಲಿ ಕಲಿಸಿದ "ನಾಯಕತ್ವ, ಜಾಗತಿಕ ದೃಷ್ಟಿಕೋನ" ಎಲ್ಲ ಅಲ್ಲಿ ಹೇಳಿದ್ದರೆ ವಾಚ್‌ಮನ್‌ನ ಕರೀತಿದ್ದರೇನೋ. ಎಂಬಿಎ ಯಾಕೆ ಅನ್ನುವ ಪ್ರಶ್ನೆಗೆ ನಿಜವಾದ ಉತ್ತರ ನಾನು ಹುಡುಕಿದ್ದು ಆ ಕುರ್ಚಿಯಲ್ಲಿ, ಬೆವರುತ್ತಾ. ಮಿಲ್‌ಗಳ ಲೆಕ್ಕ ಬರೆಯೋದು ನನಗೆ ಗೊತ್ತು, ಮಿಲ್ ಮಾಲೀಕ ಮುಂದಿನ ಸುಗ್ಗಿಗೆ ಎಷ್ಟು ಭತ್ತ ಕೊಳ್ಳಬೇಕು, ಎಷ್ಟು ದಿನ ಇಟ್ಟುಕೊಳ್ಳಬೇಕು, ಅದಕ್ಕೆ ಸಾಲ ಎಷ್ಟು ತರಬೇಕು ಅಂತ ಹೇಳೋಕೆ ಗೊತ್ತಿಲ್ಲ, ಅದನ್ನು ಕಲಿಯೋಕೆ ಹೋಗಬೇಕು ಅಂದೆ. ಅವರು ಕನ್ನಡಕ ಹಾಕಿಕೊಂಡು, ಸೀಟು ಸಿಕ್ಕರೆ ಪತ್ರ ತಗೊಂಡು ಬನ್ನಿ ಅಂದರು. ಆಮೇಲೆ ಇನ್ನೂ ಎರಡು ಬ್ಯಾಂಕಿಗೆ ಬೇಕಂತಲೇ ಹೋದೆ. ಇದು ಬಿಟ್ಟಿ.

ಎಲ್ಲವೂ ಹೀಗೇ ಆಗಲಿಲ್ಲ. ನಿವೃತ್ತ ಮೇಷ್ಟ್ರೊಬ್ಬರ ಹತ್ತಿರ ಆನೆಗೊಂದಿ ಬಗ್ಗೆ ಕೇಳೋಕೆ ಹೋದರೆ ಎರಡು ಗಂಟೆ ಅವರ ವರ್ಗಾವಣೆ ಕಥೆ ಕೇಳಿಸಿಕೊಂಡು ಬಂದೆ. ಅಪ್ಪನನ್ನು ಪ್ಯಾನಲ್‌ಗೆ ಕೂರಿಸಿದ ಮೊದಲ ದಿನ ಜಗಳ ಆಯಿತು, ನಾಲ್ಕು ದಿನ ಮಾತಿಲ್ಲ. ಕ್ವಿಂಟಲ್ ಲೆಕ್ಕದಲ್ಲಿ ರೇಟು ಹೇಳಿದ್ದಕ್ಕೆ "ಯಾವ ಊರಾಂವಲೇ ನೀನು, ಇಲ್ಲಿ 75 ಕೆ.ಜಿ. ಚೀಲದ ಲೆಕ್ಕ" ಅಂತ ಬೈದಿದ್ದರು. ಹವ್ಯಾಸ ಅಂತ ಬರೆದ ಚೆಸ್‌ಗೆ ಸರಿಯಾದ ಆಳೇ ಸಿಗಲಿಲ್ಲ, ಹತ್ತನೇ ಕ್ಲಾಸಿನ ಒಬ್ಬ ಹುಡುಗ ನನ್ನನ್ನು ಹದಿನೆಂಟು ನಡೆಗೆ ಸೋಲಿಸಿದ. ಮುಂದಿನ ಫಾರಂನಲ್ಲಿ ಚೆಸ್ ತೆಗೆದುಹಾಕಿದೆ.

ನಡುವೆ ಏನೇನೋ ಪ್ರಯೋಗ ಮಾಡಿದೆ. ಇಂಟರ್‌ವ್ಯೂನಲ್ಲಿ ಉಸಿರು ಹಿಡಿದ ಹಾಗಾಗುತ್ತೆ ಅಂತ ಅಂಜನಾದ್ರಿ ಮೆಟ್ಟಿಲು ಹತ್ತುತ್ತಾ ಉತ್ತರ ಹೇಳುವ ಅಭ್ಯಾಸ ಮಾಡಿದೆ, 575 ಮೆಟ್ಟಿಲು. ನೂರಕ್ಕೇ ಮಾತು ನಿಲ್ಲುತ್ತಿತ್ತು. ಒಂದು ವಾರ ಆದಮೇಲೆ ಮುನ್ನೂರರವರೆಗೆ ಹೋಯಿತು, ಆದರೆ ಹತ್ತುವ ಭಕ್ತರು ನನ್ನನ್ನೇ ನೋಡುತ್ತಿದ್ದರು, ಬಿಟ್ಟೆ. ಇಂಟರ್‌ವ್ಯೂಗೆ ಉಪಯೋಗ ಆಯಿತೋ ಇಲ್ಲವೋ, ಎರಡು ಕೆ.ಜಿ. ಇಳಿದೆ. ಎಐ ಆ್ಯಪ್ ಜೊತೆ ಮಾತಾಡಿ ನೋಡಿದೆ, ಅದು ಏನು ಹೇಳಿದರೂ ಚೆನ್ನಾಗಿದೆ ಅನ್ನುತ್ತೆ. ಇಂಗ್ಲಿಷ್ ತಿದ್ದೋಕೆ ಮಾತ್ರ ಇಟ್ಟುಕೊಂಡೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದ್ದು ನಿಜಕ್ಕೂ ಕೆಲಸ ಮಾಡಿತು: ಐದು ನಿಮಿಷದಲ್ಲಿ ಇಪ್ಪತ್ತೆರಡು ಸಲ "ಬೇಸಿಕಲಿ" ಅಂದಿದ್ದೆ.

ಇನ್ನು ತುಂಗಭದ್ರಾ ಡ್ಯಾಂ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಟ್ಟಾಗಿ ಗೇಟೇ ಕೊಚ್ಚಿಹೋಯಿತಲ್ಲ, 2025ರ ಇಂಟರ್‌ವ್ಯೂನಲ್ಲಿ ಇದು ಬಂದೇ ಬರುತ್ತೆ ಅಂತ ನನಗೆ ಖಾತ್ರಿ ಇತ್ತು. ನಮ್ಮ ಊಟ ಆ ನೀರಿನದು. ನೀರಾವರಿ ಇಲಾಖೆಯಲ್ಲಿದ್ದು ರಿಟೈರ್ ಆದ ನಮ್ಮ ದೂರದ ಮಾವ ಮುನಿರಾಬಾದ್‌ನಲ್ಲಿದ್ದಾರೆ, ಅವರ ಹತ್ತಿರ ಮೂರು ಭಾನುವಾರ ಕೂತೆ. 33 ಗೇಟು, ಒಂದು ಹೋದರೆ ಆ ಜಾಗಕ್ಕೆ ಇಳಿಸೋಕೆ ಸ್ಟಾಪ್‌ಲಾಗ್ (ತಾತ್ಕಾಲಿಕ ಗೇಟು) ಇರಲಿಲ್ಲ, ಹೊಸದಾಗಿ ಮಾಡಿಸಿ, ಡ್ಯಾಂ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರು ಬಂದು ನೀರು ಹರಿಯುತ್ತಿರುವಾಗಲೇ ಇಳಿಸಿ ಒಂದು ವಾರದಲ್ಲಿ ಮುಚ್ಚಿದರು. ಅಷ್ಟರಲ್ಲಿ ಮೂವತ್ತು ಟಿಎಂಸಿಗಿಂತ ಜಾಸ್ತಿ ನೀರು ಹೋಗಿತ್ತು. ಇದೆಲ್ಲ ಪೇಪರಿನಲ್ಲೂ ಇತ್ತು. ಮಾವ ಕೇಳಿದ್ದು ಬೇರೆ: "ನಿಮ್ಮ ಮಿಲ್ಲಿನ್ಯಾಗ ಹಿಂಗ ಆದ್ರ ಏನ್ ಮಾಡ್ತಾರ?" ಗೊತ್ತಿರಲಿಲ್ಲ, ಅಪ್ಪನ ಹತ್ತಿರ ಹೋದೆ. ಅಪ್ಪ ಮಿಲ್ ಸ್ಟೋರಿಗೆ ಕರಕೊಂಡು ಹೋದರು. ಭತ್ತದ ಹೊಟ್ಟು ಬಿಡಿಸುವ ಮಷಿನ್ನಿನಲ್ಲಿ ಎರಡು ರಬ್ಬರ್ ರೋಲ್ ಇರುತ್ತವೆ, ಒಂದು ಜೋರಾಗಿ, ಒಂದು ನಿಧಾನವಾಗಿ ತಿರುಗುತ್ತೆ, ಸವೆಯುತ್ತಲೇ ಇರುತ್ತವೆ. ಸವೆದದ್ದೊಂದು ಕೈಗೆ ಕೊಟ್ಟರು, ಅಂಚು ಒಂದು ಕಡೆ ಬೆರಳಿನಷ್ಟೂ ಉಳಿದಿರಲಿಲ್ಲ, ಸುಟ್ಟ ವಾಸನೆ. ಮೇಲಿನ ಹಲಗೆ ಮೇಲೆ ಹೊಸ ಜೋಡಿ ಇತ್ತು, ಪೇಪರ್ ಕೂಡ ಬಿಚ್ಚಿಲ್ಲ. "ಈ ಹಲಗಿ ಖಾಲಿ ಆದ ದಿನ ನನ್ನ ಕೆಲಸ ಹೋಗ್ತದ" ಅಂದರು.

2025ರ ಇಂಟರ್‌ವ್ಯೂನಲ್ಲಿ ಐದನೇ ಪ್ರಶ್ನೆಗೇ ಡ್ಯಾಂ ಬಂತು. ನೀವು ಮ್ಯಾನೇಜರ್ ಆಗಿದ್ದರೆ ಏನು ಮಾಡ್ತಿದ್ದಿರಿ ಅಂದರು. ನಾನು ರಬ್ಬರ್ ರೋಲ್ ಹಲಗೆ ಕಥೆ ಹೇಳಿದೆ. ಸಾವಿರಾರು ರೂಪಾಯಿಯ ಸ್ಪೇರ್ ಇಡೋದು ಸುಲಭ, ಒಂದು ಗೇಟಿನ ಸ್ಪೇರ್‌ಗೆ ಖರ್ಚು ಜಾಸ್ತಿ, ಹತ್ತಾರು ವರ್ಷ ಬಳಕೆಗೇ ಬರದ ವಸ್ತುವಿಗೆ ದುಡ್ಡು ಹಾಕೋಕೆ ಯಾರೂ ಮುಂದೆ ಬರಲ್ಲ, ಆದರೆ ಒಂದು ಬೆಳೆ ಹೋದರೆ ಏನಾಗುತ್ತೆ ಅಂತ 2024ರಲ್ಲಿ ನಮ್ಮೂರ ಮಿಲ್‌ಗಳು ನೋಡಿವೆ ಅಂದೆ. ಅಲ್ಲಿಂದ ಮಾತು ಮಿಲ್‌ಗೆ ಹೋಯಿತು. 100 ಕೆ.ಜಿ. ಭತ್ತಕ್ಕೆ ಅಕ್ಕಿ ಎಷ್ಟು, ತವುಡು ಎಲ್ಲಿಗೆ ಹೋಗುತ್ತೆ, ನುಚ್ಚು ಯಾರು ಕೊಳ್ಳುತ್ತಾರೆ. 26 ಕೆ.ಜಿ. ಅವರು ಕೇಳಲಿಲ್ಲ. ನಾನೇ ತಂದೆ, ಹಮಾಲರ ಬೆನ್ನಿನ ಒಂದು ಕೆ.ಜಿ. ಸಮೇತ. ಒಬ್ಬರು ಪೆನ್ ಕೆಳಗಿಟ್ಟರು. ಇಪ್ಪತ್ತೈದು ನಿಮಿಷ ಮೇಲೇ ಆಗಿತ್ತು. ಇಂಗ್ಲಿಷ್ ಎರಡು ಮೂರು ಕಡೆ ಎಡವಿತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಕೊನೆಗೆ "ನಮಗೇನಾದರೂ ಕೇಳೋದಿದೆಯಾ" ಅಂದಾಗ ನಾನು ಏನು ಕೇಳಿದೆ ಅಂತ ಇಲ್ಲಿ ಬರೆಯಲ್ಲ. ಚಿಕ್ಕಪ್ಪನ ಮಗಳು ಮುಂದಿನ ಸಲ ಹೋಗುವವಳಿದ್ದಾಳೆ, ಅದು ಅವಳಿಗೆ. ವ್ಯಾಟ್‌ಗೆ ಮೊದಲ ಸಾಲು ಹೇಗೆ ಬರೆಯೋದು ಅನ್ನೋದೂ ಅಷ್ಟೇ.

ಖರ್ಚು ಕೇಳುವವರಿಗೆ: ಕ್ಯಾಟ್ ಫೀಸು ಮೂರು ವರ್ಷಕ್ಕೆ 2,300, 2,400, 2,500, ವರ್ಷಕ್ಕೆ ನೂರು ಏರಿದೆ. ಎರಡನೇ ವರ್ಷ ಎಲ್ಲಾ ಸೇರಿ 27-28 ಸಾವಿರ ಹೋಯಿತು. ಮೂರನೇ ವರ್ಷ ಫೀಸು ಬಿಟ್ಟರೆ ನೋಟ್‌ಬುಕ್, ಚಹಾ, ಮುನಿರಾಬಾದ್ ಬಸ್ಸು, ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೋಗಿ ಬಂದದ್ದು, ಅದೇ ಕೋಟಿನ ಭುಜ ಹಿಡಿಸಿದ ಟೇಲರ್‌ಗೆ 250, ಹೆಚ್ಚು ಕಡಿಮೆ ಮೂರು ಸಾವಿರ.

ನೋಟ್‌ಬುಕ್ಕಿನ ಉಳಿದ ಪುಟಗಳನ್ನು ಈಗ ಆ ತಂಗಿ ತುಂಬುತ್ತಿದ್ದಾಳೆ. ಮೊದಲ ಪದ "ಹವ್ಯಾಸ: ಹೊಲಿಗೆ" ಅಂತ ಬರೆದಿದ್ದಳು. ನಮ್ಮಮ್ಮನ ಮುಂದೆ ಕೂರಿಸಿದೆವು. ಅಮ್ಮ ಮಷಿನ್ನಿನ ಬಾಬಿನ್ ತೆಗೆದು ಕೈಗೆ ಕೊಟ್ಟು, ದಾರ ಸುತ್ತು ನೋಡೋಣ ಅಂದರು. ಅರ್ಧ ಗಂಟೆ ಬಿಟ್ಟು ನೋಡಿದರೆ ಆ ಪದದ ಮೇಲೆ ಕೆಂಪು ಗೆರೆ ಬಿದ್ದಿತ್ತು.